ಆಪಲ್ ಜ್ಯೂಸಿಗೆ ಇಷ್ಟು ನೊರಿ ಬರತದೇನು?

ಸಂಪಾದಕರಿಗೆ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ನಾನೂ ಬಿಯರ್ ಕುಡಿಯುವವನೇ. ಹಾಗಾಗಿ ಇದನ್ನು ಕುಡಿತ ಬಿಡಿಸುವವರ ಪತ್ರ ಅಂದುಕೊಳ್ಳಬೇಡಿ.

ಹೋದ ತಿಂಗಳು ಅವ್ವನನ್ನು ಕರೆದುಕೊಂಡು ಗೋವಾದ ಮಡಗಾಂವ್‌ನಿಂದ ರಾತ್ರಿ ರೈಲಿಗೆ ಧಾರವಾಡಕ್ಕೆ ಬರುತ್ತಿದ್ದೆ. ಸ್ಲೀಪರ್ ಬೋಗಿ. ಎದುರಿಗೆ ಗೋವಾ ಸುತ್ತಿ ಬಂದ ಐದು ಹುಡುಗರು. ಗಾಡಿ ಬಿಡುವ ಮುಂಚೆಯೇ ಪೇಪರ್ ಕಪ್ ಹೊರಬಂದವು, ಜ್ಯೂಸ್ ಬಾಟಲಿಯೂ ಬಂತು. ಅವ್ವ ಏನಪಾ ಅದು ಅಂದಳು. 'ಆಪಲ್ ಜ್ಯೂಸ್ ರೀ ಅಮ್ಮಾರ.' 'ಆಪಲ್ ಜ್ಯೂಸಿಗೆ ಇಷ್ಟು ನೊರಿ ಬರತದೇನು ತಮ್ಮಾ?' ಎಲ್ಲರೂ ನಕ್ಕರು, ಅವ್ವನೂ ನಕ್ಕಳು.

ಕುಳೆಂ ದಾಟಿದ ಮೇಲೆ ನಗು ನಿಂತಿತು. ಅಲ್ಲಿಂದ ಕ್ಯಾಸಲ್ ರಾಕ್ ತನಕ ಘಾಟಿ, 37 ಅಡಿಗೆ ಒಂದು ಅಡಿ ಏರು, ಹಿಂದಿನಿಂದ ಇನ್ನೊಂದಿಷ್ಟು ಎಂಜಿನ್ ತಳ್ಳಬೇಕು, ಗಾಡಿ ತೆವಳುತ್ತದೆ. ಸುತ್ತ ಬರೀ ಕಾಡು. ಕುಡಿಯುವವರಿಗೆ ಇದಕ್ಕಿಂತ ನಿರಾಳ ಜಾಗ ಬೇಕಾ? ಒಬ್ಬ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತು ದೂಧ್‌ಸಾಗರ ಜಲಪಾತ ನೋಡ್ತೀನಿ ಅಂತಿದ್ದ, ಆ ಕತ್ತಲಲ್ಲಿ! ಇನ್ನಿಬ್ಬರು ಅವ್ವನ ಬರ್ತ್ ಮೇಲೆ, ಅವಳ ಕಾಲಹತ್ತಿರ. ಚೆಲ್ಲಿದ ಬಿಯರ್ ಸೀಟಿನ ಕೆಳಗೆ ಹರಿದು ಚೀಲದಲ್ಲಿದ್ದ ಚಾದರ ಒದ್ದೆಯಾಯಿತು. ಅವಳು ಮುದುಡಿಕೊಂಡು ಕೂತೇ ಇದ್ದಳು.

ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿದೆ. ಘಾಟಿ ಹತ್ತಿದ ಮೇಲೆ ಬರುವ ಲೋಂಡಾದಲ್ಲಿ ಪೊಲೀಸರು ಹತ್ತಿದರು. ಅಷ್ಟರಲ್ಲಿ ಬಾಟಲಿಗಳೆಲ್ಲ ಕಿಟಕಿಯಾಚೆ ಹೋಗಿದ್ದವು. ಬೆಳಗ್ಗೆ ಅದೇ ಹಳಿ ಮೇಲೆ ಗ್ಯಾಂಗ್‌ಮನ್‌ಗಳು ನಡೆಯಬೇಕಲ್ವಾ? ಪೊಲೀಸರು ಬಾಟಲಿ ಎಲ್ಲಿ ಅಂತ ಕೇಳಿ, ಬೈದು ಇಳಿದುಹೋದರು.

ಆದರೆ ಬಾಟಲಿ ಸಿಗಲೇಬೇಕು ಅಂತ ಕಾಯ್ದೆಯಲ್ಲಿ ಇಲ್ಲವಲ್ಲ. 1989ರ ರೈಲ್ವೆ ಕಾಯ್ದೆಯ 145ನೇ ಸೆಕ್ಷನ್ ಪ್ರಕಾರ ಬೋಗಿಯಲ್ಲಿ ಕುಡಿದ ಅಮಲಿನಲ್ಲಿ ಇದ್ದರೇ ಸಾಕು, ಕೆಳಗಿಳಿಸಬಹುದು, ಟಿಕೆಟ್ ಹೋಯಿತು, 6 ತಿಂಗಳವರೆಗೆ ಜೈಲು, 500 ರೂಪಾಯಿವರೆಗೆ ದಂಡ. ಐನೂರು! ಗೋವಾದಲ್ಲಿ ಅಗ್ಗ, ಅಲ್ಲಿಂದ ಹತ್ತಾರು ಬಾಟಲಿ ತಂದರೆ ಅಷ್ಟು ಉಳಿದುಬಿಡುತ್ತದೇನೋ. ನಮ್ಮಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ 2023ರಲ್ಲೇ 175ರಿಂದ 185 ಪರ್ಸೆಂಟಿಗೆ ಏರಿತ್ತು. ಹುಡುಗರು ಚೀಲ ತುಂಬಿಕೊಂಡು ಬರುವುದು ಸುಮ್ನೆ ಅಲ್ಲ. ಕಾರಲ್ಲಿ ಬಂದರೆ ಕಾರವಾರದ ಮಾಜಾಳಿ ಚೆಕ್‌ಪೋಸ್ಟ್‌ನಲ್ಲಿ ಅಬಕಾರಿಯವರ ಭಯ, ರೈಲಿನಲ್ಲಿ ಆ ಭಯ ಕಡಿಮೆ.

ಇನ್ನೊಂದು ತಮಾಷೆ. ನಮ್ಮ ರಾಜ್ಯದ್ದೇ ಗೋಲ್ಡನ್ ಚಾರಿಯಟ್ ಅನ್ನೋ ಐಷಾರಾಮಿ ಪ್ರವಾಸಿ ರೈಲಿನಲ್ಲಿ 'ಮದಿರಾ' ಅನ್ನೋ ಬಾರ್ ಇದೆ. ನನ್ನ ತಕರಾರಿಲ್ಲ. ಅಲ್ಲಿ ಕುಡಿಯಲಿಕ್ಕೆ ಬೇರೆ ಬೋಗಿ ಇದೆ, ಪಕ್ಕದಲ್ಲಿ ಯಾರದೋ ಅವ್ವ ಮಲಗಿರುವುದಿಲ್ಲ. ಸ್ಲೀಪರ್‌ನಲ್ಲಿ ಎಪ್ಪತ್ತೆಂಬತ್ತು ಜನ, ಹೋಗುವುದು ಎಲ್ಲಿಗೆ?

ದೊಡ್ಡದೇನೂ ಕೇಳುತ್ತಿಲ್ಲ. ಮಡಗಾಂವ್‌ನಲ್ಲೇ ಒಬ್ಬಿಬ್ಬರು ಪೊಲೀಸರು ಹತ್ತಿ ಲೋಂಡಾದ ತನಕ ಬೋಗಿಯಿಂದ ಬೋಗಿಗೆ ಓಡಾಡಲಿ, ಘಾಟಿಯಲ್ಲಿ ಬಾಗಿಲಿನ ಕಡೆ ಕಣ್ಣಿಡಲಿ. ಚೀಲ ಹುಡುಕುವುದಕ್ಕಿಂತ ಅದು ಮುಖ್ಯ.

ಆ ಚಾದರವನ್ನು ಎರಡು ಸಲ ಒಗೆದರೂ ವಾಸನೆ ಹೋಗಿಲ್ಲ. ನಿನಗೆ ರೂಢಿ ಇದೆಯಲ್ಲ ಅಂತ ಅವ್ವ ಅದನ್ನು ನನಗೇ ಹೊದೆಯಲು ಕೊಟ್ಟಿದ್ದಾಳೆ.

– ಒಬ್ಬ ಪ್ರಯಾಣಿಕ, ಧಾರವಾಡ