ಗುದ್ದಾಡುವ ಆಟದಿಂದ ಬಂದ ಜಡ್ಜ್ ಸಾಹೇಬರು

ಅರಸೀಕೆರೆ
ಭಾನುವಾರ ಮಧ್ಯಾಹ್ನ

ಪ್ರೀತಿಯ ಚಿನ್ನು,

ಮೊನ್ನೆ ಫೋನಿನಲ್ಲಿ ನೀನು, "ಇನ್ನು ಓದೋದೆಲ್ಲ ಆಗಲ್ಲಮ್ಮ, ಮೂರು ವಾರಕ್ಕೇ ಕ್ಲಾಸ್ ಬಿಟ್ಟವಳು ನಾನು" ಅಂದೆ. ಅಷ್ಟರಲ್ಲಿ ಪಾಪು ಎದ್ದು ಅತ್ತಿತು, ನೀನು ಫೋನ್ ಇಟ್ಟೆ. ನಾನು ಹೇಳಬೇಕು ಅಂದುಕೊಂಡಿದ್ದು ಗಂಟಲಲ್ಲೇ ಉಳಿಯಿತು. ಅದಕ್ಕೇ ಈ ಕಾಗದ.

ಬಾಣಂತನಕ್ಕೆ ಅಮೆರಿಕಕ್ಕೆ, ನಿಮ್ಮ ಮಿನಿಯಾಪೊಲಿಸ್‌ಗೆ ಬಂದಿದ್ದೆನಲ್ಲ, ಆಗ ಭಾನುವಾರ ಬಂದರೆ ಅಳಿಯಂದಿರು ಟಿವಿ ಬಿಟ್ಟು ಏಳುತ್ತಿರಲಿಲ್ಲ. ವೈಕಿಂಗ್ಸ್ ಅನ್ನೋ ನಿಮ್ಮೂರ ತಂಡದ ಅಮೆರಿಕನ್ ಫುಟ್‌ಬಾಲ್ ಆಟ. ನಾನು ಪಾಪುವಿನ ಕಾಲಿಗೆ ಎಣ್ಣೆ ತಿಕ್ಕುತ್ತಾ, "ಇದೇನು, ಹೆಲ್ಮೆಟ್ ಹಾಕ್ಕೊಂಡು ಗುದ್ದಾಟ" ಅಂದೆ. "ಅತ್ತೆ, ಇದೇ ಟೀಮಲ್ಲಿ ಆಡಿದವರೊಬ್ಬರು ಈ ಮಿನ್ನೆಸೋಟ ರಾಜ್ಯದ ಸುಪ್ರೀಂ ಕೋರ್ಟಲ್ಲಿ ಜಡ್ಜ್ ಆಗಿದ್ದರು" ಅಂದರು. ಎಣ್ಣೆ ಕೈ ಅಲ್ಲೇ ನಿಂತಿತು. ಮೂವತ್ತೆರಡು ವರ್ಷ ಬೆಂಚ್ ಕ್ಲರ್ಕ್ ಆಗಿದ್ದವಳು ನಾನು, ಎಷ್ಟು ಜನ ಜಡ್ಜ್‌ಗಳನ್ನು ನೋಡಿಲ್ಲ! ಆದರೆ ಇಂಥವರನ್ನು ಕೇಳಿರಲಿಲ್ಲ. ಅವತ್ತಿನಿಂದ ಅಲನ್ ಪೇಜ್ ಅವರ ಹಿಂದೆ ಬಿದ್ದೆ. ನೋಡು, ಬರೀ ಆಟಗಾರ ಅಂದುಕೊಂಡಿದ್ದರೆ 'ಅವನು' ಅಂತಿದ್ದೆ. ಜಡ್ಜ್ ಅಂತ ಗೊತ್ತಾದ ಕೂಡಲೇ ಬಾಯಿಗೆ 'ಅವರು' ಬಂತು. ಕೋರ್ಟಿನ ಅಭ್ಯಾಸ.

ಹುಟ್ಟಿದ್ದು 1945ರಲ್ಲಿ, ಒಹಾಯೊ ರಾಜ್ಯದ ಕ್ಯಾಂಟನ್ ಎಂಬ ಊರಿನಲ್ಲಿ. ಈ ಫುಟ್‌ಬಾಲ್‌ನವರ ಹಾಲ್ ಆಫ್ ಫೇಮ್, ಅಂದರೆ ದೊಡ್ಡ ಆಟಗಾರರಿಗೆ ಗೌರವದ ಜಾಗ ಕೊಡುವ ಕಟ್ಟಡ, ಇರುವುದು ಅದೇ ಊರಲ್ಲಿ. ಆ ಕಟ್ಟಡ ಏಳುವಾಗ ಹುಡುಗ ಪೇಜ್ ಅಲ್ಲಿ ಕೂಲಿ ಕೆಲಸ ಮಾಡಿದ್ದರಂತೆ. 1988ರಲ್ಲಿ ಅದೇ ಕಟ್ಟಡದೊಳಗೆ ಅವರಿಗೆ ಜಾಗ ಸಿಕ್ಕಿತು. ಇದನ್ನು ಯಾರಾದರೂ ಕಥೆ ಕಟ್ಟಿ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ವೈಕಿಂಗ್ಸ್ ಸೇರಿದ್ದು 1967ರಲ್ಲಿ. ಡಿಫೆನ್ಸಿವ್ ಟ್ಯಾಕಲ್. ಎದುರು ತಂಡದ ದಪ್ಪ ದಪ್ಪ ಆಳುಗಳ ಸಾಲನ್ನು ಒಡೆದು ನುಗ್ಗಿ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ನೆಲಕ್ಕೆ ಕೆಡವುವ ಕೆಲಸ. ಹೆಸರು ಬರುವುದು ಯಾವಾಗಲೂ ಎಸೆಯುವವನಿಗೆ. ಆದರೆ 1971ರಲ್ಲಿ ಇಡೀ ಲೀಗಿನ ಅತ್ಯುತ್ತಮ ಆಟಗಾರ ಎಂದು ಇವರನ್ನು ಆರಿಸಿದರು. ತಡೆಯುವ ಕಡೆಯವರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಲೀಗಿನ ಫೈನಲ್ ಪಂದ್ಯಕ್ಕೆ ಸೂಪರ್ ಬೌಲ್ ಅಂತಾರೆ, ಅಂಥ ನಾಲ್ಕು ಆಡಿದರು, ನಾಲ್ಕರಲ್ಲೂ ಅವರ ತಂಡ ಸೋತಿತು. ಅಳಿಯಂದಿರ ಹತ್ತಿರ ಈ ಮಾತು ಎತ್ತಬೇಡ, ಪಾಪ.

ಈಗ ವಿಷಯಕ್ಕೆ ಬರುತ್ತೇನೆ. ಪೇಜ್ ಆಡಲು ಶುರು ಮಾಡಿದ ಹೊಸತರಲ್ಲೇ ಒಂದು ಲಾ ಕಾಲೇಜಿಗೆ ಸೇರಿದ್ದರು. ಎಷ್ಟು ದಿನ ಹೋದರು ಗೊತ್ತಾ? ಮೂರೇ ವಾರ. ನಿನ್ನಷ್ಟೇ! ಪಾಠ ತಲೆಗೆ ಹತ್ತಲಿಲ್ಲ, ಬಿಟ್ಟುಬಿಟ್ಟರು. ಎಷ್ಟೋ ವರ್ಷ ಆದಮೇಲೆ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಮತ್ತೆ ಲಾ ಓದಲು ಸೇರಿದರು. ಆಟವನ್ನೂ ಬಿಡಲಿಲ್ಲ. ಮೈಕೈ ನೋವಿಟ್ಟುಕೊಂಡೇ ಓದಿ 1978ರಲ್ಲಿ ಪದವಿ ಮುಗಿಸಿದರು. ಅದೇ ವರ್ಷ ವೈಕಿಂಗ್ಸ್‌ನವರು ಕೈಬಿಟ್ಟರು. ಹೆಂಡತಿ ಸಿಗರೇಟು ಬಿಡಲೆಂದು ಓಡಲು ಶುರು ಮಾಡಿದಾಗ ಇವರೂ ಜೊತೆಗೆ ಓಡಿದರು. ಓಡಿ ಓಡಿ ತೂಕ ಇಳಿಯಿತು, ತಂಡಕ್ಕೆ ಅದು ಹಿಡಿಸಲಿಲ್ಲ. ಶಿಕಾಗೋ ಬೇರ್ಸ್ ಅನ್ನೋ ಇನ್ನೊಂದು ತಂಡದವರು ಬರೀ 100 ಡಾಲರ್‌ಗೆ ಕರೆದುಕೊಂಡರು. ನೂರು ಡಾಲರ್! ನೀನು ನನಗೆ ಕೊಡಿಸಿದ ಚಳಿ ಕೋಟಿಗೇ ಅದಕ್ಕಿಂತ ಜಾಸ್ತಿ ಆಗಿತ್ತು, ಅಲ್ವಾ? ಅಲ್ಲಿ 1981ರವರೆಗೆ ಆಡಿದರು. ಒಟ್ಟು 218 ಪಂದ್ಯ, ಒಂದನ್ನೂ ತಪ್ಪಿಸಲಿಲ್ಲ.

ನನಗೆ ಕುಶಿ ಕೊಟ್ಟಿದ್ದು ಮಾತ್ರ ಅವರ ಕೋರ್ಟಿನ ಕಥೆ. ಅಲ್ಲಿ ಜಡ್ಜ್‌ಗೂ ಚುನಾವಣೆ ಅಂತೆ! ಇವರು ರಾಜ್ಯದ ಸುಪ್ರೀಂ ಕೋರ್ಟಿಗೆ ನಿಲ್ಲಬೇಕು ಅಂದುಕೊಂಡರೆ, ಗವರ್ನರ್ ಆ ಜಾಗದಲ್ಲಿದ್ದ ಜಡ್ಜ್ ಅವಧಿ ಮುಂದುವರಿಸಿ ಚುನಾವಣೆಯೇ ಇಲ್ಲ ಅಂದುಬಿಟ್ಟರು. ಪೇಜ್ ಸುಮ್ನೆ ಕೂರಲಿಲ್ಲ, ದಾವೆ ಹಾಕಿದರು. ಆ ಕೋರ್ಟಿನ ಜಡ್ಜ್‌ಗಳು ತಮ್ಮದೇ ಬೆಂಚಿನ ವಿಷಯ ಎಂದು ಹಿಂದೆ ಸರಿದರು, ಬೇರೆಯವರನ್ನು ಕೂರಿಸಿ ಕೇಸು ನಡೆಸಿದರು. ಚುನಾವಣೆ ಮಾಡಲೇಬೇಕು ಎಂದು ತೀರ್ಪು ಬಂತು. 1992ರಲ್ಲಿ ನಿಂತರು, ಗೆದ್ದರು. ಆ ಕೋರ್ಟಿಗೆ ಮೊದಲ ಕಪ್ಪು ಜಡ್ಜ್. ಬೋ ಟೈ ಕಟ್ಟಿಕೊಂಡು 2015ರವರೆಗೆ ಕೂತರು, ಎಪ್ಪತ್ತು ತುಂಬಿದ್ದಕ್ಕೆ ಎದ್ದರು. ಆ ಅರ್ಜಿಯ ಫೈಲು ನನ್ನ ಮೇಜಿಗೆ ಬಂದಿದ್ದರೆ ಹೇಗಿರುತ್ತಿತ್ತು ಅಂತ ಎಷ್ಟೋ ಸಲ ಯೋಚಿಸಿದ್ದೇನೆ.

ನಿನಗೆ ಹೇಳದ್ದು ಒಂದಿದೆ. ನೀನು ಹುಟ್ಟುವ ಮೊದಲು ನಾನೂ ಎಲ್‌ಎಲ್‌ಬಿಗೆ ಸೇರಿದ್ದೆ. ರಜೆ ಹೊಂದಿಸಿಕೊಂಡು ಹಾಸನಕ್ಕೆ ರೈಲಿನಲ್ಲಿ ಓಡಾಡಿದೆ. ಎರಡು ತಿಂಗಳಿಗೆ ಬಿಟ್ಟೆ. ಯಾರೂ ಬಿಡು ಅನ್ನಲಿಲ್ಲ, ಇರು ಅಂತಲೂ ಅನ್ನಲಿಲ್ಲ. ಕಾಂಟ್ರ್ಯಾಕ್ಟ್ ಆಕ್ಟ್ ಪುಸ್ತಕ ಇನ್ನೂ ಅಟ್ಟದ ಮೇಲಿದೆ. ಹೋದ ವಾರ ಇಳಿಸಿ ನೋಡಿದೆ. ಗೆದ್ದಲು ಅಂಚು ತಿಂದಿದೆ, ಫೀಸಿನ ರಸೀದಿ ಒಳಗೇ ಇದೆ. ನಾನು ಮತ್ತೆ ಹೋಗಲಿಲ್ಲ, ಅಷ್ಟೇ.

ನಿನ್ನ ಅಕೌಂಟ್ಸ್ ಕ್ಲಾಸ್ ಮತ್ತೆ ಜನವರಿಗೆ ಶುರುವಾಗುತ್ತದೆ ಅಂದಿದ್ದೆ. ನಿಮ್ಮಪ್ಪನ ಹತ್ತಿರ ಮಾತಾಡಿದ್ದೇನೆ, ಅವರು ಮೂರು ತಿಂಗಳು ತಂಗಿ ಮನೆಯಲ್ಲಿ ಊಟ ಮಾಡಿಕೊಂಡಿರುತ್ತಾರೆ. ನಾನು ಚಳಿಯಾದರೂ ಸರಿ, ಬರುತ್ತೇನೆ. ಸಂಜೆ ಆರರಿಂದ ಒಂಬತ್ತರವರೆಗೆ ಪಾಪು ನನ್ನದು. ಅಡುಗೆಮನೆ ಕಡೆಗೂ ನೀನು ತಲೆ ಹಾಕಕೂಡದು. ಚಟ್ನಿಪುಡಿ ಎಷ್ಟು ತರಲಿ, ಬರೆ.

ಇಂತಿ ನಿನ್ನ
ಅಮ್ಮ