ಭಾನುವಾರದ ಸ್ಕೇಟಿಂಗ್: ಅಟ್ಟದ ಹಳೇ ಸ್ಕೇಟ್ಸ್ ತರುವವರ ಗಮನಕ್ಕೆ
ಅಪ್ಪ ಅಮ್ಮಂದಿರೂ ಮಕ್ಕಳ ಜೊತೆ ಮತ್ತೆ ರಿಂಕ್‌ಗೆ ಇಳಿಯುತ್ತಿರುವುದು ತುಂಬಾ ಖುಷಿ. ಆದರೆ ನಾಲ್ಕು ಗಾಲಿಯ ಹಳೇ ಸ್ಕೇಟ್ಸನ್ನು ಹಾಗೇ ಕಟ್ಟಿಕೊಳ್ಳಬೇಡಿ. ಕೊಡಗಿನ ಮಳೆಗಾಲದ ಥಂಡಿಗೆ ಬೇರಿಂಗ್ (ಗಾಲಿ ತಿರುಗಿಸುವ, ಒಳಗೆ ಗುಂಡುಗಳಿರುವ ಬಳೆ) ತುಕ್ಕು ಹಿಡಿದಿರುತ್ತದೆ. ಗಾಲಿಯನ್ನು ಬೆರಳಲ್ಲಿ ತಿರುಗಿಸಿ ನೋಡಿ. ಕರಕರ ಎಂದರೆ, ತಟ್ಟನೆ ನಿಂತರೆ, ಬೇರಿಂಗ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದೇ ತೊಟ್ಟು ಬಿಡಿ. ಹೆಚ್ಚಾದರೆ ದೂಳು ಅಂಟುತ್ತದೆ. ಕೊಬ್ಬರಿ ಎಣ್ಣೆ ಬೇಡವೇ ಬೇಡ, ನಮ್ಮ ಚಳಿಗೆ ಗಟ್ಟಿಯಾಗುತ್ತದೆ. ತೊಳೆದರೂ ಸರಿಹೋಗದಿದ್ದರೆ ಹೊಸದು ಹಾಕಿ, ಗಾಲಿ ಕೂರುವ ಕಂಬಿ (ಆ್ಯಕ್ಸಲ್) 8 ಮಿ.ಮೀ. ಇದ್ದರೆ 608 ನಂಬರಿನದು.

ಗಾಲಿಯ ನಟ್ಟು ಬಿಗಿ ಮಾಡಿ, ಗಾಲಿ ಸಲೀಸಾಗಿ ತಿರುಗುವಷ್ಟು ಸ್ವಲ್ಪ ಸಡಿಲಿಸಿ. ಉದ್ದ ಹೊಂದಿಸುವ ಅಡಿಯ ನಟ್ಟು ಮಾತ್ರ ಪೂರ್ತಿ ಬಿಗಿ ಇರಲಿ, ಇಲ್ಲದಿದ್ದರೆ ಓಡುವಾಗಲೇ ಸ್ಕೇಟ್ ಉದ್ದವಾಗಿ ಶೂ ಕಳಚಿಕೊಳ್ಳುತ್ತದೆ.

ಹೆಲ್ಮೆಟ್, ಮಣಿಕಟ್ಟಿನ ಗಾರ್ಡ್ ದೊಡ್ಡವರಿಗೂ ಕಡ್ಡಾಯ. ಬೀಳುವಾಗ ಎಲ್ಲರೂ ಅಂಗೈ ಊರುತ್ತಾರೆ, ಮುರಿಯುವುದು ಮಣಿಕಟ್ಟೇ.