ಪುಟ್ಟಿಗೆ ದೊಡ್ಡಪ್ಪನ ಪತ್ರ: ಹಾಡು ಅವರದು, ಹೆಸರು ನಿನ್ನದು

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು. ನಿನ್ನೆ ರಾತ್ರಿ ನೀನು ಫೋನಿನಲ್ಲಿ ಅತ್ತ ಮೇಲೆ ನನಗೂ ನಿದ್ದೆ ಹತ್ತಲಿಲ್ಲ. ಒಂದೇ ವಾರದಲ್ಲಿ ಎರಡು ಪೆಟ್ಟು. ಬೇರೆಯವರ ಹಾಡು ಬಳಸಿದ್ದಕ್ಕೆ ಯೂಟ್ಯೂಬಿನಿಂದ ಸ್ಟ್ರೈಕ್, ಅಂದರೆ ತಪ್ಪಿನ ಎಚ್ಚರಿಕೆ ಬಂತು. ಅದರ ಹಿಂದೆಯೇ, ಅಜ್ಜಿಯ ಹೆಸರಿಟ್ಟು ನೀನು ಮಾರುವ ಚಟ್ನಿಪುಡಿಯ ಹೆಸರನ್ನೇ ಒಂದಕ್ಷರ ಬದಲಿಸಿ ಇನ್ಯಾರೋ ಇನ್‌ಸ್ಟಾಗ್ರಾಮಿನಲ್ಲಿ ಮಾರುತ್ತಿದ್ದಾರೆ ಅಂತ ಗೊತ್ತಾಯಿತು. 'ಎಲ್ಲರೂ ಸೇರಿ ನನ್ನನ್ನೇ ತುಳೀತಿದ್ದಾರೆ ದೊಡ್ಡಪ್ಪ' ಅಂದೆ. ನಿನ್ನೆ ಸಮಾಧಾನ ಹೇಳಿದ್ದಾಯಿತು, ಇವತ್ತು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಮೊದಲನೆಯದರಲ್ಲಿ ತಪ್ಪು ನಿನ್ನದು. ಎರಡನೆಯದರಲ್ಲಿ ನ್ಯಾಯ ನಿನ್ನ ಕಡೆ ಇದೆ.

ನೀನು ವಿಡಿಯೊಗೆ ಹಾಕಿದ್ದು ಸಿನಿಮಾ ಹಾಡು. ಹದಿನೈದೇ ಸೆಕೆಂಡ್, ಕೆಳಗೆ ಕ್ರೆಡಿಟ್ ಕೂಡ ಕೊಟ್ಟಿದ್ದೆ ಅಂತೀಯ. ಇಷ್ಟು ಸೆಕೆಂಡಿನವರೆಗೆ ಪರವಾಗಿಲ್ಲ ಅನ್ನುವ ಮಾತು ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ವಿಮರ್ಶೆ, ಸುದ್ದಿ, ಸ್ವಂತದ ಓದು, ಇಂಥದ್ದಕ್ಕೆ ಸ್ವಲ್ಪ ಬಳಸಿಕೊಳ್ಳಲು ಕಾಯ್ದೆಯೇ ಬಿಟ್ಟಿದೆ. ಚಟ್ನಿಪುಡಿ ಮಾರುವ ವಿಡಿಯೊ ಆ ಲೆಕ್ಕಕ್ಕೆ ಬರುವುದಿಲ್ಲ. ಪಕ್ಕದ ಮನೆಯವರ ಸೈಕಲ್ಲನ್ನು ಕೇಳದೆ ತಗೊಂಡು ಹೋಗಿ, ಇದು ಅವರದೇ ಅಂತ ಚೀಟಿ ಅಂಟಿಸಿದರೆ ಆಗುತ್ತದಾ? ಕೇಳಿ ತಗೊಳ್ಳಬೇಕು, ಅಲ್ವಾ?

ದೊಡ್ಡವರನ್ನೂ ಇದು ಬಿಟ್ಟಿಲ್ಲ. 2022ರ ನವೆಂಬರಿನಲ್ಲಿ ಕೆಜಿಎಫ್-2ರ ಹಾಡನ್ನು ಭಾರತ್ ಜೋಡೋ ಯಾತ್ರೆಯ ವಿಡಿಯೊಗೆ ಬಳಸಿದ್ದಾರೆ ಅಂತ ಎಂಆರ್‌ಟಿ ಮ್ಯೂಸಿಕ್ ಅನ್ನುವ, ಆ ಹಾಡಿನ ಹಕ್ಕಿರುವ ಕಂಪನಿ ದೂರಿದಾಗ, ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಕಾಂಗ್ರೆಸ್ ಪಕ್ಷದ ಟ್ವಿಟರ್ ಖಾತೆಯನ್ನೇ ತಡೆಹಿಡಿಯಲು ಹೇಳಿತ್ತು. ಮರುದಿನ ಹೈಕೋರ್ಟ್ ಆ ಆದೇಶವನ್ನು ತೆಗೆದುಹಾಕಿತು. ಆದರೆ ಆ ವಿಡಿಯೊಗಳನ್ನು ಇಳಿಸಬೇಕು ಅನ್ನುವ ಷರತ್ತು ಹಾಕಿತು.

ಒಂದು ಸ್ಟ್ರೈಕಿಗೆ ಚಾನೆಲ್ ಹೋಗುವುದಿಲ್ಲ, ಹೆದರಬೇಡ. 90 ದಿನದೊಳಗೆ ಮೂರು ಬಂದರೆ ಹೋಗುತ್ತದೆ. ವಿಡಿಯೊ ಅಳಿಸಿದ ಮಾತ್ರಕ್ಕೆ ಸ್ಟ್ರೈಕ್ ಅಳಿಯುವುದಿಲ್ಲ. ಯೂಟ್ಯೂಬಿನವರು ಕೊಡುವ ಕಾಪಿರೈಟ್ ಪಾಠ ಮುಗಿಸಿ 90 ದಿನ ಕಾಯಬೇಕು. ಗೆಳತಿ ಹೇಳಿದಳು ಅಂತ ಕೌಂಟರ್ ನೋಟಿಫಿಕೇಶನ್, ಅಂದರೆ ಸ್ಟ್ರೈಕೇ ತಪ್ಪು ಅನ್ನುವ ಆಕ್ಷೇಪಣೆ, ಮಾತ್ರ ಹಾಕಬೇಡ. ಅದು ತಪ್ಪಾಗಿ ಸ್ಟ್ರೈಕ್ ಬಂದವರಿಗೆ ಇರುವ ದಾರಿ, ಅಲ್ಲಿ ಬರೆಯುವ ಒಂದೊಂದು ಮಾತಿಗೂ ಕಾನೂನಿನ ಹೊಣೆ ಇರುತ್ತದೆ. ಅದರ ಬದಲು ಹಾಡಿನ ಹಕ್ಕಿರುವ ಕಂಪನಿಗೆ ಇಮೇಲ್ ಬರೆ. ತಪ್ಪಾಯಿತು, ತೆಗೆದಿದ್ದೇನೆ, ದಯವಿಟ್ಟು ಸ್ಟ್ರೈಕ್ ವಾಪಸ್ ತಗೊಳ್ಳಿ ಅಂತ ನಾಲ್ಕೇ ಸಾಲು. ಹಳೆಯ ವಿಡಿಯೊಗಳಲ್ಲೂ ಇಂಥ ಹಾಡು ಇದ್ದರೆ ಇವತ್ತೇ ತೆಗೆ.

ನಾನು ಇಷ್ಟು ಖಂಡಿತವಾಗಿ ಹೇಳುವುದಕ್ಕೆ ಕಾರಣ ಇದೆ. ಕ್ಯಾಸೆಟ್ಟಿನ ಕಾಲದಲ್ಲಿ ಒಂದು ಕಂಪನಿಗೆ ಎಂಟು ಭಕ್ತಿಗೀತೆ ಬರೆದುಕೊಟ್ಟಿದ್ದೆ. ಕೈಗೆ ಬಂದದ್ದು 400 ರೂಪಾಯಿ. ಅವರು ಮುಂದಿಟ್ಟ ಕಾಗದಕ್ಕೆ ಓದದೆ ಸಹಿ ಹಾಕಿದೆ, ಪ್ರತಿ ಕೂಡ ಇಟ್ಟುಕೊಳ್ಳಲಿಲ್ಲ. ನಮ್ಮ ಊರಿನ ದೇವಸ್ಥಾನದ ಮೈಕಿನಲ್ಲಿ ಹಬ್ಬಕ್ಕೆ ಈಗಲೂ ಆ ಹಾಡು ಕೇಳಿಸುತ್ತದೆ. ಯೂಟ್ಯೂಬಿನಲ್ಲಿ ನೋಡಿದರೆ ಸಾಹಿತ್ಯ ಅನ್ನುವಲ್ಲಿ ಬೇರೆಯವರ ಹೆಸರು. ನಿನ್ನ ದೊಡ್ಡಮ್ಮನಿಗೆ ಅದನ್ನು ತೋರಿಸಲು ಇನ್ನೂ ಮನಸ್ಸು ಬಂದಿಲ್ಲ. ನೀನು ಹದಿನೈದು ಸೆಕೆಂಡ್ ಬಳಸಿದ ಹಾಡನ್ನೂ ಯಾರೋ ಕೂತು ಬರೆದಿದ್ದಾರೆ ಪುಟ್ಟಿ.

ಇನ್ನು ನಿನ್ನ ಹೆಸರಿನ ವಿಷಯ. 'ಒಂದಕ್ಷರ ಬದಲಾದರೆ ಕಾನೂನು ಏನೂ ಮಾಡೋಕಾಗಲ್ಲ' ಅಂತ ಯಾರೋ ಹೇಳಿದರಂತೆ. ಹಾಗೇನಿಲ್ಲ. ಹಾಗಂತ ಹೆಸರು ಹೋಲುತ್ತದೆ ಅಂದ ಮಾತ್ರಕ್ಕೆ ಗೆದ್ದೆವು ಅಂತಲೂ ಇಲ್ಲ. ನಂದಿನಿಯ ಕೇಸನ್ನೇ ನೋಡು. ನಮ್ಮ ಕೆಎಂಎಫ್ 1985ರಿಂದ ನಂದಿನಿ ಹೆಸರು ಬಳಸುತ್ತಿದೆ. ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲಿನವರು ಅದೇ ಹೆಸರನ್ನು ಇಂಗ್ಲಿಷಿನಲ್ಲಿ ಒಂದಕ್ಷರ ಸೇರಿಸಿ 1989ರಿಂದ ಬಳಸುತ್ತಿದ್ದಾರೆ. ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2018ರಲ್ಲಿ ಗೆದ್ದದ್ದು ಹೋಟೆಲಿನವರು. ಹೋಟೆಲಿನವರ ಗುರುತಿನಲ್ಲಿ ದೀಪ, ಕೆಎಂಎಫ್‌ನವರ ಗುರುತಿನಲ್ಲಿ ಹಸು. ಮಾರುವ ವಸ್ತುವೂ ಬೇರೆ, ನಂದಿನಿ ಅನ್ನುವುದು ಪುರಾಣದಿಂದ ಬಂದ ಎಲ್ಲರ ಹೆಸರು, ಜನ ಗೊಂದಲಪಡುವುದಿಲ್ಲ ಅಂತ ಕೋರ್ಟ್ ಹೇಳಿತು. ಹಾಲು, ಹಾಲಿನ ಪದಾರ್ಥಕ್ಕೆ ಮಾತ್ರ ಹೋಟೆಲಿನವರಿಗೆ ಆ ಹೆಸರು ಸಿಗಲಿಲ್ಲ.

ಈಗ ನಿನ್ನದಕ್ಕೆ ಬಾ. ಅವರೂ ಚಟ್ನಿಪುಡಿ, ನೀನೂ ಚಟ್ನಿಪುಡಿ. ಕೊಳ್ಳುವವರೂ ಒಂದೇ ಜನ. ಅವರ ಪ್ಯಾಕೆಟ್ ತಗೊಂಡು ನಿನಗೆ ಬೈದು ಮೆಸೇಜು ಹಾಕಿದ ಗಿರಾಕಿ ಇದ್ದಾರಲ್ಲ, ಆ ಮೆಸೇಜನ್ನು ಅಳಿಸಬೇಡ, ಗೊಂದಲ ಆಗಿದೆ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ? ಮೊದಲ ಬಿಲ್ಲು, ಮೊದಲ ಲೇಬಲ್ಲು, ಕೊರಿಯರ್ ಚೀಟಿ, ತಾರೀಖು ಕಾಣುವ ಹಳೆಯ ಪೋಸ್ಟ್, ಎಲ್ಲ ಒಂದು ಕಡೆ ಸೇರಿಸು. ಹೆಸರು ಟ್ರೇಡ್‌ಮಾರ್ಕ್ ಅಂತ, ಅಂದರೆ ವ್ಯಾಪಾರದ ಗುರುತಾಗಿ, ನೋಂದಣಿ ಆಗದಿದ್ದರೂ ಮೊದಲು ಬಳಸಿದವರಿಗೆ ಕಾನೂನಿನಲ್ಲಿ ಬೆಲೆ ಇದೆ. ಅದಿದ್ದರೂ ನೋಂದಣಿಗೆ ಅರ್ಜಿ ಹಾಕು. ನೋಂದಣಿಗೆ ಸರಕುಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ, ಮಸಾಲೆ, ಪುಡಿಗಳೆಲ್ಲ 30ನೇ ವರ್ಗಕ್ಕೆ ಬರುತ್ತವೆ. ಆನ್‌ಲೈನಿನಲ್ಲಿ ಒಬ್ಬ ವ್ಯಕ್ತಿಗೆ ಒಂದು ವರ್ಗಕ್ಕೆ 4,500 ರೂಪಾಯಿ ಶುಲ್ಕ. ನೋಂದಣಿಯಾದರೆ 10 ವರ್ಷ, ಆಮೇಲೆ ನವೀಕರಣ. ನೋಂದಣಿ ಆಗುವವರೆಗೆ ಹೆಸರಿನ ಪಕ್ಕ ಟಿಎಂ (ಟ್ರೇಡ್‌ಮಾರ್ಕ್) ಅಂತ ಹಾಕಿಕೋ, ವೃತ್ತದೊಳಗಿನ ಆರ್ ಗುರುತು ಹಾಕಬೇಡ. ನೋಂದಣಿಗೆ ಮೊದಲು ಅದನ್ನು ಹಾಕುವುದು ಅಪರಾಧ.

ಅಜ್ಜಿಯ ಹೆಸರು ನಮ್ಮ ಕಡೆ ಮನೆಗೊಬ್ಬರಿಗೆ ಇದೆ. ಅದಕ್ಕೆ ಹೆಸರಿನ ಜೊತೆ ಲೇಬಲ್ಲಿನ ಒರಳುಕಲ್ಲಿನ ಚಿತ್ರವನ್ನೂ ಸೇರಿಸಿ ಅರ್ಜಿ ಹಾಕುವುದು ಒಳ್ಳೆಯದು. ಮತ್ತೆ, ಅವರು ನಿನ್ನ ಹಾಗೇ ಹುಚ್ಚೆಳ್ಳು ಹಾಕಿ ಪುಡಿ ಮಾಡುತ್ತಾರೆ ಅಂತ ಜಗಳಕ್ಕೆ ಹೋಗಬೇಡ. ಮಾಡುವ ವಿಧಾನಕ್ಕೆ ಕಾಪಿರೈಟ್ ಇಲ್ಲ. ನಿನ್ನ ಫೋಟೊ, ನಿನ್ನ ವಿಡಿಯೊ, ನೀನು ಬರೆದ ಮಾತು ಕದ್ದಿದ್ದರೆ ಆಗ ಕೇಳು. ಅವರ ಕಮೆಂಟಿನಲ್ಲಿ ಹೋಗಿ ಬೈಯುವುದೂ ಬೇಡ. ಮೊದಲು ವಕೀಲರ ಕೈಲಿ ಒಂದು ನೋಟಿಸ್ ಕೊಡಿಸೋಣ, ಖರ್ಚು ನನ್ನದು.

ಒಂದು ವಿಷಯ ನೀನು ಕೇಳಲೇ ಇಲ್ಲ. ಆ ಒರಳುಕಲ್ಲಿನ ಚಿತ್ರ ಬರೆದುಕೊಟ್ಟ ಹುಡುಗನಿಗೆ ಏನು ಕೊಟ್ಟೆ? ಅವನಿಂದ ಏನಾದರೂ ಬರೆಸಿಕೊಂಡಿದ್ದೀಯಾ? ದುಡ್ಡು ಕೊಟ್ಟ ಮಾತ್ರಕ್ಕೆ ಆ ಚಿತ್ರದ ಹಕ್ಕು ನಿನ್ನದಾಗುವುದಿಲ್ಲ, ಅವನು ಸಹಿ ಮಾಡಿ ಬರೆದುಕೊಡಬೇಕು. ಎಷ್ಟು ವರ್ಷಕ್ಕೆ ಅಂತಲೂ ಬರೆದಿರಬೇಕು, ಬರೆಯದಿದ್ದರೆ ಕಾಯ್ದೆಯ ಪ್ರಕಾರ 5 ವರ್ಷ ಮಾತ್ರ. ಅರ್ಜಿ ಹಾಕುವ ಮೊದಲು ಅವನನ್ನು ಮನೆಗೆ ಕರೆ. ಕಾಗದವನ್ನು ಅವನಿಗೆ ಓದಿ ಹೇಳು, ಸರಿಯಾದ ದುಡ್ಡು ಕೊಡು, ಒಂದು ಪ್ರತಿ ಅವನ ಕೈಗೂ ಕೊಟ್ಟು ಕಳಿಸು.

ಭಾನುವಾರ ಬಿಲ್ಲುಗಳ ಡಬ್ಬಿ ಹಿಡಿದುಕೊಂಡು ಬಾ. ತಾರೀಖಿನ ಪ್ರಕಾರ ಜೋಡಿಸೋಣ. ದೊಡ್ಡಮ್ಮ ಊಟಕ್ಕೆ ಕಾಯುತ್ತಿರುತ್ತಾಳೆ.

ನಿನ್ನ ದೊಡ್ಡಪ್ಪ